ಮಾತ್ರೆ ತಗೊಂಡ ಇಲಿ ಏನು ಕಲಿಯಿತು?

ಟಿ. ನರಸೀಪುರದಿಂದ ನಂಜನಗೂಡಿಗೆ ನೇರ ದಾರಿ ಇದೆ. ಸುತ್ತೂರಿನ ಮೇಲೆ ಹೋಗೋದು. ಗದ್ದೆ, ತೆಂಗು, ಕಬ್ಬು, ಅಲ್ಲಲ್ಲಿ ಮರಗಳ ಸಂದಿಯಲ್ಲಿ ಕಪಿಲೆ. ಸ್ಕೂಟರ್‌ನಲ್ಲಿ ಹೋದರೆ ಒಂದು ಗಂಟೆಯೂ ಬೇಡ.

ನಾನು ಎಂಟು ತಿಂಗಳು ಆ ದಾರಿ ಬಿಟ್ಟಿದ್ದೆ. ಬೆಳಿಗ್ಗೆ ನರಸೀಪುರದಲ್ಲಿ ಬಸ್ ಹತ್ತಿ ಮೈಸೂರಿಗೆ ಹೋಗಿ, ಅಲ್ಲಿ ಇಳಿದು ನಂಜನಗೂಡಿನ ಬಸ್ ಹಿಡಿದು, ಕೈಗಾರಿಕಾ ಪ್ರದೇಶದ ಹತ್ತಿರ ಇಳಿಯುತ್ತಿದ್ದೆ. ಸಂಜೆ ಅದೇ ಉಲ್ಟಾ. ತ್ರಿಕೋನದ ಒಂದು ಬಾಹು ದಾಟೋಕೆ ಇನ್ನೆರಡು ಬಾಹು ಸುತ್ತೋದು. ಆಫೀಸಲ್ಲಿ ಕೇಳಿದವರಿಗೆ "ಬಸ್ಸಲ್ಲಿ ಓದಿಕೋಬಹುದು" ಅಂತಿದ್ದೆ. ಒಂದು ಪುಸ್ತಕವನ್ನೂ ಓದಲಿಲ್ಲ.

ನಿಜ ಕಾರಣ ಇಷ್ಟೇ. ಸಂಕ್ರಾಂತಿ ಆದ ವಾರ, ಸಂಜೆ ಆರೂವರೆ ಹೊತ್ತು, ಸುತ್ತೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಕಬ್ಬು ತುಂಬಿದ ಟ್ರಾಕ್ಟರ್ ಟ್ರೇಲರ್ ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಕಂಡಾಗ ತಡವಾಗಿತ್ತು. ಬ್ರೇಕ್ ಒತ್ತಿದೆ, ಸ್ಕೂಟರ್ ಜಾರಿತು. ಕೈ ಮುರಿದು ಆರು ವಾರ ಬ್ಯಾಂಡೇಜ್. ಹೆಲ್ಮೆಟ್ ಇದ್ದದ್ದಕ್ಕೆ ಇದನ್ನ ಬರೆಯುತ್ತಿದ್ದೇನೆ.

ಮೂಳೆ ಕೂಡಿತು. ಭಯ ಮಾತ್ರ ಬೆಳೆಯಿತು. ಮೊದಲು ಆ ತಿರುವು ಬೇಡ ಅನಿಸಿತು. ಆಮೇಲೆ ಆ ರಸ್ತೆ ಬೇಡ. ಆಮೇಲೆ ಸ್ಕೂಟರ್ ಬೇಡ. ಆಮೇಲೆ ಮನೆ ಮುಂದೆ ಟ್ರಾಕ್ಟರ್ ಸದ್ದು ಕೇಳಿದರೂ ಅಂಗೈ ಬೆವರೋದು. ಅಮ್ಮ ಒಂದು ದಿನ ಕೇಳಿಯೇಬಿಟ್ಟರು, "ಇನ್ನೆಷ್ಟು ದಿನ ಹಿಂಗೆ ಊರೆಲ್ಲಾ ಸುತ್ಕಂಡ್ ಬರ್ತೀಯವ್ವ?" ರಾಜೀನಾಮೆ ಪತ್ರ ಟೈಪ್ ಮಾಡಿ ಡ್ರಾಫ್ಟ್‌ನಲ್ಲಿ ಇಟ್ಟುಕೊಂಡಿದ್ದೆ.

ಡ್ರಾಯರ್‌ನಲ್ಲಿ ಉಳಿದಿದ್ದ ಮಾತ್ರೆ

ಪೆಟ್ಟಾದ ಮೊದಲ ದಿನಗಳಲ್ಲಿ ನಿದ್ದೆ ಬರುತ್ತಿರಲಿಲ್ಲ. ಡಾಕ್ಟರ್ ಹತ್ತು ದಿನಕ್ಕೆ ಅಂತ ಆತಂಕ ಕಡಿಮೆ ಮಾಡುವ ಒಂದು ಸಣ್ಣ ಮಾತ್ರೆ ಬರೆದಿದ್ದರು. ಆರು ದಿನಕ್ಕೆ ನಿದ್ದೆ ಸರಿಹೋಯಿತು, ನಾಲ್ಕು ಮಾತ್ರೆ ಉಳಿಯಿತು.

ಆ ನಾಲ್ಕನ್ನು ಏನು ಮಾಡಿದೆ ಹೇಳಲಾ? ತಮ್ಮನನ್ನು ಕರೆದು "ನೀನು ಗಾಡಿ ಓಡಿಸು, ನಾನು ಹಿಂದೆ ಕೂರ್ತೀನಿ, ಸುತ್ತೂರು ಮೇಲೆ ಹೋಗೋಣ" ಅಂದೆ. ಹೊರಡುವ ಮುಂಚೆ ಅವನಿಗೆ ಕಾಣದ ಹಾಗೆ ಒಂದು ನುಂಗಿದೆ. ಡಾಕ್ಟರನ್ನು ಕೇಳಲಿಲ್ಲ. ಇದು ತಪ್ಪು, ನೀವು ಮಾಡಬೇಡಿ.

ಆದರೆ ಕೆಲಸ ಮಾಡಿತು! ತಿರುವು ಬಂತು, ಹೋಯಿತು. ಎದೆ ಹೊಡೆದುಕೊಳ್ಳಲಿಲ್ಲ. ನಾಲ್ಕು ಭಾನುವಾರ ನಾಲ್ಕು ಸಲ ಹೋಗಿಬಂದೆವು. "ಮುಗೀತು, ಭಯ ಬಿಟ್ಟೋಯ್ತು" ಅಂದುಕೊಂಡೆ.

ಐದನೇ ಭಾನುವಾರ ಮಾತ್ರೆ ಇರಲಿಲ್ಲ. ತಿರುವು ಇನ್ನೂ ಅರ್ಧ ಕಿಲೋಮೀಟರ್ ಇರುವಾಗಲೇ ತಮ್ಮನ ಭುಜ ಹಿಡಿದು "ನಿಲ್ಸೋ" ಅಂದೆ. ಇಳಿದು ರಸ್ತೆ ಪಕ್ಕ ಕೂತುಬಿಟ್ಟೆ. ಮೊದಲ ದಿನದ ಭಯವೇ, ಒಂದು ಚೂರೂ ಕಡಿಮೆ ಇಲ್ಲ.

ನಾಲ್ಕು ಸಲ ಏನೂ ಆಗದೆ ದಾಟಿದ್ದೆನಲ್ಲ, ಆ ಅನುಭವ ಎಲ್ಲಿ ಹೋಯಿತು? ನಾನು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುವವಳು. ಮಾತ್ರೆಯ ತೂಕ, ಕರಗುವ ಸಮಯ, ಶುದ್ಧತೆ ಎಲ್ಲ ಅಳೆಯುತ್ತೇನೆ. ಮಾತ್ರೆ ಒಳಗೆ ಹೋದಮೇಲೆ ಮನಸ್ಸಿನ ಪಾಠ ಏನಾಗುತ್ತೆ ಅಂತ ಯೋಚಿಸಿಯೇ ಇರಲಿಲ್ಲ. ಹುಡುಕಿ ಓದಲು ಶುರು ಮಾಡಿದೆ. ನನ್ನ ಕಥೆ ಸಿಕ್ಕಿದ್ದು ಇಲಿಗಳ ಹತ್ತಿರ.

ಎರಡು ಪೆಟ್ಟಿಗೆ, ಎರಡು ಪಾಠ

ಅಪಾಯವನ್ನು ತಪ್ಪಿಸಿಕೊಳ್ಳುವುದನ್ನು ಇಲಿ ಹೇಗೆ ಕಲಿಯುತ್ತೆ ಅಂತ ನೋಡಲು ವಿಜ್ಞಾನಿಗಳು ಮುಖ್ಯವಾಗಿ ಎರಡು ಥರದ ಪೆಟ್ಟಿಗೆ ಬಳಸುತ್ತಾರೆ.

ಮೊದಲನೆಯದರಲ್ಲಿ ಎರಡು ಕೋಣೆ, ಒಂದರಲ್ಲಿ ಬೆಳಕು, ಇನ್ನೊಂದರಲ್ಲಿ ಕತ್ತಲು. ಇಲಿಗೆ ಕತ್ತಲು ಇಷ್ಟ. ಬೆಳಕಿನ ಕೋಣೆಯಲ್ಲಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕತ್ತಲಿಗೆ ನುಗ್ಗುತ್ತೆ. ಅಲ್ಲಿ ಕಾಲಿಗೆ ಒಂದು ಸಣ್ಣ ಕರೆಂಟ್ ಶಾಕ್. ಮರುದಿನ ಅದೇ ಇಲಿಯನ್ನು ಮತ್ತೆ ಬೆಳಕಿನಲ್ಲಿ ಬಿಡುತ್ತಾರೆ. ಪಾಠ ನೆನಪಿದ್ದರೆ ಅದು ಹೊಸ್ತಿಲಲ್ಲೇ ನಿಲ್ಲುತ್ತೆ, ಒಳಗೆ ಹೋಗಲ್ಲ. ಮರೆತಿದ್ದರೆ ಮತ್ತೆ ಒಳಗೆ ಓಡುತ್ತೆ. ಎಷ್ಟು ಹೊತ್ತು ತಡೆದು ನಿಂತಿತು ಅನ್ನೋದೇ ನೆನಪಿನ ಅಳತೆ. ಇಲ್ಲಿ ಸುಮ್ಮನಿರುವುದೇ ತಪ್ಪಿಸಿಕೊಳ್ಳುವ ದಾರಿ.

ಎರಡನೆಯದರಲ್ಲಿ ಸುಮ್ಮನಿದ್ದರೆ ಆಗಲ್ಲ. ಒಂದು ಬಜರ್ ಅಥವಾ ದೀಪ ಸೂಚನೆ ಕೊಡುತ್ತೆ. ಕೆಲವು ಸೆಕೆಂಡಿನಲ್ಲಿ ಪಕ್ಕದ ಕೋಣೆಗೆ ದಾಟದಿದ್ದರೆ ಶಾಕ್. ದಾಟಿದರೆ ಇಲ್ಲ. ಕೆಲವು ಇಲಿಗಳು ಬೇಗ ಕಲಿಯುತ್ತವೆ. ತುಂಬಾ ಹೆದರುವ ಇಲಿಗಳು ಬಜರ್ ಕೇಳಿದ ತಕ್ಷಣ ಕಲ್ಲಾಗಿಬಿಡುತ್ತವೆ, ದಾಟೋಕೇ ಆಗಲ್ಲ.

ಶಾಕ್ ಅಂದ ಕೂಡಲೇ "ಪಾಪ" ಅನಿಸುತ್ತೆ. ನನಗೂ ಅನಿಸಿತು. ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಸಂಸ್ಥೆಯ ನೈತಿಕ ಸಮಿತಿ ಒಪ್ಪದೆ ನಡೆಸುವ ಹಾಗಿಲ್ಲ. ಬಿ.ಫಾರ್ಮ್ ಮಕ್ಕಳು ಈಗ ಇದನ್ನೆಲ್ಲ ಬಹುಮಟ್ಟಿಗೆ ಕಂಪ್ಯೂಟರ್ ತೆರೆಯ ಮೇಲಿನ ಇಲಿಗಳಿಂದಲೇ ಕಲಿಯುತ್ತಾರೆ. ಹಿಂದಿನ ಇಲಿಗಳು ಕೊಟ್ಟುಹೋದ ಪಾಠವನ್ನಾದರೂ ಸರಿಯಾಗಿ ಕೇಳಿಸಿಕೊಳ್ಳೋಣ ಅಂತ ನನ್ನ ಭಾವನೆ.

ಬ್ರೇಕ್ ಮತ್ತು ಟವೆಲ್

ನಾನು ನುಂಗಿದ ಮಾತ್ರೆ ಬೆಂಜೊಡಯಾಜೆಪೀನ್ ಅನ್ನುವ ಮನೆತನದ್ದು. ಡಯಾಜೆಪಾಮ್, ಆಲ್‌ಪ್ರಜೊಲಾಮ್, ಕ್ಲೊನಾಜೆಪಾಮ್, ಲೋರಾಜೆಪಾಮ್ ಎಲ್ಲ ಅಣ್ಣತಮ್ಮಂದಿರು. ಇವರ ಹಿರಿಯಣ್ಣ ಹುಟ್ಟಿದ್ದು ಮೂಲೆ ಸೇರಿದ್ದ ಒಂದು ಸೀಸೆಯಿಂದ. ಹಾಫ್‌ಮನ್ ಲಾ ರೋಶ್ ಕಂಪನಿಯಲ್ಲಿ ಲಿಯೋ ಸ್ಟರ್ನ್‌ಬಾಕ್ ಅನ್ನುವ ರಸಾಯನಶಾಸ್ತ್ರಜ್ಞ ಮಾಡಿ ಬದಿಗಿಟ್ಟಿದ್ದ ಪುಡಿಯೊಂದು 1957ರಲ್ಲಿ ಪ್ರಯೋಗಾಲಯ ಶುಚಿ ಮಾಡುವಾಗ ಸಿಕ್ಕಿತು. ಎಸೆಯುವ ಬದಲು ಪ್ರಾಣಿಗಳ ಮೇಲೆ ಪರೀಕ್ಷೆಗೆ ಕಳಿಸಿದರು. 1960ರಲ್ಲಿ ಅದು ಲಿಬ್ರಿಯಮ್ ಆಗಿ ಅಂಗಡಿಗೆ ಬಂತು, 1963ರಲ್ಲಿ ತಮ್ಮ ವ್ಯಾಲಿಯಮ್ ಬಂದ.

ಇವು ಕೆಲಸ ಮಾಡೋದು ಹೀಗೆ. ನಮ್ಮ ಮೆದುಳಿನಲ್ಲಿ ಗಾಬಾ ಅನ್ನುವ ಒಂದು ರಾಸಾಯನಿಕ ಇದೆ. ಅದು ನರಕೋಶಗಳ ಬ್ರೇಕ್. ಗಾಬಾ ಬಂದು ಕೂತರೆ ನರಕೋಶ ತಣ್ಣಗಾಗುತ್ತೆ. ಬೆಂಜೊಡಯಾಜೆಪೀನ್ ತಾನೇ ಬ್ರೇಕ್ ಒತ್ತುವುದಿಲ್ಲ. ಗಾಬಾ ಒತ್ತಿದಾಗ ಅದರ ಹಿಡಿತ ಹೆಚ್ಚಿಸುತ್ತೆ, ಪಕ್ಕದಲ್ಲೇ ಇರುವ ತನ್ನದೇ ಒಂದು ಸೀಟಿನಲ್ಲಿ ಕೂತು. ಅಂಥ ಸೀಟು ಮೆದುಳಿನಲ್ಲಿ ಇದೆ ಅಂತ ಖಚಿತವಾದದ್ದು 1977ರಲ್ಲಿ.

ಸೀಟು ಅಂದ ಮೇಲೆ ಅದನ್ನು ಹಿಡಿಯುವವರೂ ಇರಬೇಕಲ್ಲ? ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಜಾತ್ರೆ ದಿನ ನೋಡಿರ್ತೀರಿ. ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಟವೆಲ್ ಟಿಕೆಟ್ ತಗೊಳ್ಳಲ್ಲ, ಪ್ರಯಾಣ ಮಾಡಲ್ಲ, ಆದರೆ ಇನ್ನೊಬ್ಬರಿಗೆ ಕೂರಲು ಬಿಡಲ್ಲ. ಫ್ಲುಮಾಜೆನಿಲ್ ಅನ್ನುವ ಔಷಧ ಅಂಥ ಟವೆಲ್. 1981ರಲ್ಲಿ ರೋಶ್ ಕಂಪನಿಯ ವಿಜ್ಞಾನಿಗಳೇ ಇದನ್ನು ಪ್ರಕಟಿಸಿದರು. ಡಯಾಜೆಪಾಮ್ ಕೂತಿದ್ದರೆ ಅದನ್ನು ಎಬ್ಬಿಸಿ ಆ ಜಾಗ ಹಿಡಿಯುತ್ತೆ. ತಾನಾಗಿ ಹೆಚ್ಚು ಏನೂ ಮಾಡುವುದಿಲ್ಲ.

ಆಸ್ಪತ್ರೆಗಳಲ್ಲಿ ಇದು ನಿಜವಾಗಿ ಬೇಕಾಗುವ ಮದ್ದು. ಎಂಡೋಸ್ಕೋಪಿಗೆ ಮುಂಚೆ ಮಿಡಾಜೊಲಾಮ್ ಕೊಟ್ಟ ರೋಗಿ ಬೇಗ ಎಚ್ಚರಾಗದಿದ್ದರೆ ಫ್ಲುಮಾಜೆನಿಲ್ ಇಂಜೆಕ್ಷನ್ ಎಬ್ಬಿಸುತ್ತೆ. ವಿಷ ಗಂಟಲಲ್ಲೇ ನಿಂತ ಕಥೆಯಿಂದ ಹೆಸರು ಪಡೆದ ನಂಜುಂಡನ ಊರಿನಲ್ಲಿ ಕೂತು, ಮದ್ದಿಗೆ ಪ್ರತಿಮದ್ದು ಅನ್ನೋದರ ಬಗ್ಗೆ ಓದುವಾಗ ನನಗೆ ಒಂಥರಾ ಖುಷಿಯಾಯಿತು.

ಮಾತ್ರೆ ತಗೊಂಡ ಇಲಿ

ಈಗ ಪೆಟ್ಟಿಗೆಗೆ ವಾಪಸ್ ಬರೋಣ.

ಪಾಠಕ್ಕೆ ಮುಂಚೆ ಡಯಾಜೆಪಾಮ್ ಕೊಟ್ಟ ಇಲಿ ಕತ್ತಲ ಕೋಣೆಗೆ ಹೋಗಿ ಶಾಕ್ ತಿನ್ನುತ್ತೆ. ಮರುದಿನ ಮತ್ತೆ ಆರಾಮಾಗಿ ಅದೇ ಕೋಣೆಗೆ ನುಗ್ಗುತ್ತೆ. ಪಾಠ ಮನಸ್ಸಿನಲ್ಲಿ ಕೂರಲೇ ಇಲ್ಲ. ಡಯಾಜೆಪಾಮ್ ಜೊತೆಗೆ ಫ್ಲುಮಾಜೆನಿಲ್ ಕೂಡ ಕೊಟ್ಟಿದ್ದರೆ? ಮರುದಿನ ಇಲಿ ಹೊಸ್ತಿಲಲ್ಲೇ ನಿಲ್ಲುತ್ತೆ. ಟವೆಲ್ ಸೀಟು ಹಿಡಿದಿತ್ತು, ಮಾತ್ರೆಗೆ ಜಾಗ ಸಿಗಲಿಲ್ಲ, ಪಾಠ ಉಳಿಯಿತು. ಅಂದರೆ ಮರೆವು ಬಂದದ್ದು ಬೇರೆ ಯಾವ ದಾರಿಯಿಂದಲೂ ಅಲ್ಲ, ಆ ಸೀಟಿನ ಮೂಲಕವೇ.

ಇನ್ನೊಂದು ವಿಷಯ ಗಮನಿಸಿ. ಪಾಠ ಮುಗಿದ ಮೇಲೆ ಡಯಾಜೆಪಾಮ್ ಕೊಟ್ಟರೆ ಸಾಮಾನ್ಯವಾಗಿ ಹೀಗೆ ಮರೆಯುವುದಿಲ್ಲ. ಹಳೆಯದನ್ನು ಅದು ಅಳಿಸಲ್ಲ, ಹೊಸದನ್ನು ಬರೆಯಲು ಬಿಡಲ್ಲ. ಎಂಡೋಸ್ಕೋಪಿ ಮಾಡಿಸಿಕೊಂಡ ನಿಮ್ಮ ಚಿಕ್ಕಪ್ಪನನ್ನು ಕೇಳಿ. ಮನೆಯ ವಿಳಾಸ ಮರೆತಿರಲ್ಲ, ಆದರೆ ಆ ಅರ್ಧ ಗಂಟೆಯಲ್ಲಿ ಡಾಕ್ಟರ್ ಏನು ಹೇಳಿದರು ಅಂದರೆ ತಲೆ ಕೆರೆದುಕೊಳ್ಳುತ್ತಾರೆ.

ಫ್ಲುಮಾಜೆನಿಲ್ ಒಂದನ್ನೇ ಕೊಟ್ಟರೆ? ಬ್ರೆಜಿಲ್‌ನ ಇವಾನ್ ಇಸ್ಕಿಯೆರ್ದೊ, ಅರ್ಜೆಂಟೀನಾದ ಹೋರ್ಹೆ ಮೆದಿನಾ ಮತ್ತವರ ತಂಡ 1990ರ ಆಸುಪಾಸಿನಲ್ಲಿ ಇದನ್ನು ನೋಡಿದರು. ಪಾಠ ಆದ ಕೂಡಲೇ ಟವೆಲ್ ಹಾಕಿದ ಇಲಿಗಳು ಪಾಠವನ್ನು ಇನ್ನೂ ಚೆನ್ನಾಗಿ ನೆನಪಿಟ್ಟವು. ಮೆದುಳು ತಾನೇ ಒಂದಿಷ್ಟು ಶಾಂತಿಮದ್ದನ್ನು ಉಪಯೋಗಿಸುತ್ತಿರಬಹುದು, ನೆನಪು ಎಷ್ಟು ಗಾಢವಾಗಿ ಕೂರಬೇಕು ಅಂತ ಅದು ನಿಯಂತ್ರಿಸುತ್ತಿರಬಹುದು ಅನ್ನುವುದು ಅವರ ವಾದ.

"ಹಾಗಾದರೆ ಟವೆಲ್ ಮದ್ದನ್ನೇ ಎಲ್ಲರಿಗೂ ಕೊಡಿ" ಅಂತೀರಾ? ಆಗಲ್ಲ. ಬಹಳ ದಿನ ಬೆಂಜೊಡಯಾಜೆಪೀನ್ ತಗೊಂಡವರ ಮೆದುಳಿನಿಂದ ಅದನ್ನು ತಟ್ಟಂತ ಎಬ್ಬಿಸಿದರೆ ಫಿಟ್ಸ್ ಬರಬಹುದು. ಅದಕ್ಕೇ ಅದು ಆಸ್ಪತ್ರೆಯ ಕಪಾಟಿನಲ್ಲೇ ಇರುತ್ತೆ.

ಎರಡನೇ ಪೆಟ್ಟಿಗೆಯ ಕಥೆ ಬೇರೆ. ಬಜರ್ ಕೇಳಿ ಕಲ್ಲಾಗುತ್ತಿದ್ದ ಇಲಿಗೆ ಸಣ್ಣ ಪ್ರಮಾಣದಲ್ಲಿ ಈ ಮದ್ದು ಕೊಟ್ಟರೆ ಅದು ದಾಟುವುದನ್ನು ಬೇಗ ಕಲಿಯಬಹುದು. ಭಯ ಇಳಿದು ಕಾಲು ಆಡುತ್ತೆ. ಪ್ರಮಾಣ ಹೆಚ್ಚಾದರೆ ತೂಕಡಿಸಿ ಏನೂ ಮಾಡಲ್ಲ. ಅದೇ ಮದ್ದು ಒಂದು ಪೆಟ್ಟಿಗೆಯಲ್ಲಿ ಪಾಠ ಕೆಡಿಸುತ್ತೆ, ಇನ್ನೊಂದರಲ್ಲಿ ಕಲಿಸುತ್ತೆ. ಅದಕ್ಕೇ "ಈ ಮಾತ್ರೆ ಒಳ್ಳೇದಾ, ಕೆಟ್ಟದ್ದಾ" ಅನ್ನುವ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಇಲ್ಲ. ಭಯದಿಂದ ಕಲ್ಲಾಗಿ ಮಲಗಿದಲ್ಲೇ ಇರುವವರಿಗೆ ಕೆಲವು ದಿನದ ಮಾತ್ರೆ ಎದ್ದು ನಿಲ್ಲಲು ಸಹಾಯ ಮಾಡುತ್ತೆ. ನನಗೂ ಮೊದಲ ವಾರ ಮಾಡಿತ್ತು.

ನನ್ನ ನಾಲ್ಕು ಭಾನುವಾರ

ಈಗ ನನ್ನ ಪ್ರಶ್ನೆಗೆ ಬರ್ತೀನಿ. ನಾನು ಹೊಸ ಭಯ ಕಲಿಯಬೇಕಿರಲಿಲ್ಲ. ಕಲಿತ ಭಯವನ್ನು ಬಿಡಬೇಕಿತ್ತು. ಇದು ಮರೆವಲ್ಲ. "ಈ ತಿರುವಿನಲ್ಲಿ ಈಗ ಏನೂ ಆಗಲ್ಲ" ಅನ್ನುವ ಹೊಸ ಪಾಠವನ್ನು ಹಳೆಯದರ ಪಕ್ಕದಲ್ಲಿ ಬರೆದುಕೊಳ್ಳುವುದು.

1990ರಲ್ಲಿ ಅಮೆರಿಕದ ಮಾರ್ಕ್ ಬೌಟನ್ ಮತ್ತು ಜೊತೆಗಾರರು ಇದನ್ನೇ ಇಲಿಗಳಲ್ಲಿ ಪರೀಕ್ಷಿಸಿದರು. ಮೊದಲು ಇಲಿಗೆ ಭಯ ಕಲಿಸಿದರು. ಆಮೇಲೆ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಕೊಟ್ಟು, ಶಾಕ್ ಇಲ್ಲದೆ ಅದೇ ಸನ್ನಿವೇಶವನ್ನು ಮತ್ತೆ ಮತ್ತೆ ತೋರಿಸಿದರು. ಭಯ ಇಳಿಯಿತು. ಆಮೇಲೆ ಮದ್ದಿಲ್ಲದೆ ಪರೀಕ್ಷಿಸಿದರೆ ಭಯ ಮತ್ತೆ ಹಾಜರ್! ಮದ್ದಿನ ಅಮಲು ಒಂದು ಬೇರೆ ಊರಿದ್ದ ಹಾಗೆ. ಆ ಊರಲ್ಲಿ ಕಲಿತದ್ದು ಈ ಊರಿಗೆ ಬರಲಿಲ್ಲ.

ಓದಿದಾಗ ಮೈ ಜುಮ್ಮೆಂದಿತು. ನನ್ನ ಐದನೇ ಭಾನುವಾರ ಅದರಲ್ಲಿ ಹಾಗೆ ಹಾಗೇ ಇತ್ತು.

ಇಲಿ ಬೇರೆ, ಮನುಷ್ಯರು ಬೇರೆ ಅಂತೀರಿ. ಸರಿ. 1997ರಲ್ಲಿ ಅಮೆರಿಕದಲ್ಲಿ ಫ್ರಾಂಕ್ ವಿಲ್ಹೆಲ್ಮ್ ಮತ್ತು ವಾಲ್ಟನ್ ರಾತ್ ವಿಮಾನ ಅಂದರೆ ಹೆದರುವ 28 ಮಹಿಳೆಯರನ್ನು ವಿಮಾನ ಹತ್ತಿಸಿದರು. ಅರ್ಧದಷ್ಟು ಮಂದಿಗೆ ಆಲ್‌ಪ್ರಜೊಲಾಮ್, ಉಳಿದವರಿಗೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ. ಮೊದಲ ಪ್ರಯಾಣದಲ್ಲಿ ಮದ್ದು ತಗೊಂಡವರೇ ಆರಾಮಾಗಿದ್ದರು. ಒಂದು ವಾರದ ನಂತರ ಯಾರಿಗೂ ಮಾತ್ರೆ ಇಲ್ಲದೆ ಎರಡನೇ ಪ್ರಯಾಣ. ಈಗ ಖಾಲಿ ಮಾತ್ರೆಯವರ ಭಯ ಇಳಿದಿತ್ತು, ಮದ್ದು ತಗೊಂಡಿದ್ದವರ ಭಯ ಏರಿತ್ತು. ಇನ್ನೂ ಸ್ವಾರಸ್ಯ ಏನು ಗೊತ್ತಾ? ಮೊದಲ ಪ್ರಯಾಣದಲ್ಲಿ "ಆರಾಮಾಗಿದ್ದೀನಿ" ಅಂದವರ ಎದೆಬಡಿತ, ಉಸಿರಾಟ ಖಾಲಿ ಮಾತ್ರೆಯವರಿಗಿಂತ ಜೋರಾಗಿತ್ತು.

ಖಾಲಿ ಮಾತ್ರೆಯವರು ಮೊದಲ ದಿನ ಪೂರ್ತಿ ಹೆದರಿದ್ದರು. ಹೆದರಿಕೊಂಡೇ ಕೂತು, ವಿಮಾನ ಇಳಿಯುವವರೆಗೂ ಇದ್ದು, ಏನೂ ಆಗಲಿಲ್ಲ ಅಂತ ಕಂಡುಕೊಂಡರು. ಆ ಕಂಡುಕೊಂಡದ್ದು ಅವರ ಜೊತೆ ಮನೆಗೆ ಬಂತು. ನನ್ನ ನಾಲ್ಕು ಭಾನುವಾರದ ಕೀರ್ತಿಯೆಲ್ಲ ಮಾತ್ರೆಗೆ ಹೋಗಿತ್ತು, ನನ್ನ ಪಾಲಿಗೆ ಏನೂ ಉಳಿದಿರಲಿಲ್ಲ.

ಸುತ್ತು ದಾರಿಯೂ ಒಂದು ಮಾತ್ರೆ

ಮೈಸೂರು ಮೇಲಿನ ಬಸ್ಸೂ ಅದೇ ಕೆಲಸ ಮಾಡುತ್ತಿತ್ತು. 1953ರಲ್ಲಿ ರಿಚರ್ಡ್ ಸಾಲಮನ್ ಮತ್ತು ಲೈಮನ್ ವಿನ್ ನಾಯಿಗಳಿಗೆ ಸೂಚನೆ ಕಂಡಾಗ ತಡೆ ಹಾರಿ ಶಾಕ್ ತಪ್ಪಿಸಿಕೊಳ್ಳಲು ಕಲಿಸಿದ್ದರು. ಆಮೇಲೆ ಶಾಕ್ ನಿಲ್ಲಿಸಿದರು. ನಾಯಿಗಳು ಹಾರುವುದನ್ನು ನಿಲ್ಲಿಸಲಿಲ್ಲ, ಕೆಲವು ನೂರಾರು ಸಲ ಹಾರಿದವು. ಹಾರದೆ ಒಂದು ಸಲ ನಿಂತಿದ್ದರೆ ಶಾಕ್ ಇಲ್ಲ ಅಂತ ಗೊತ್ತಾಗುತ್ತಿತ್ತು. ನಿಲ್ಲಲು ಭಯ ಬಿಡಲಿಲ್ಲ. ಹಾರಿದಾಗಲೆಲ್ಲ "ಅಬ್ಬಾ, ಬಚಾವ್" ಅನ್ನುವ ನಿರಾಳ. ಆ ನಿರಾಳವೇ ಮುಂದಿನ ಹಾರುವಿಕೆಗೆ ಬಹುಮಾನ.

ದಿನಾ ಸಂಜೆ ಮೈಸೂರು ಬಸ್ಸಲ್ಲಿ ಕೂತು ನನಗೆ ಆಗುತ್ತಿದ್ದ ನಿರಾಳ ಅದೇ. ನಿಮಗೆ ಮೀಟಿಂಗಿಗೆ ಕ್ಯಾಮೆರಾ ಆಫ್ ಮಾಡಿದಾಗ, ಫೋನ್ ಎತ್ತುವ ಬದಲು ಮೆಸೇಜ್ ಮಾಡಿದಾಗ, ಲಿಫ್ಟ್ ಬಿಟ್ಟು ಏಳು ಮಹಡಿ ಹತ್ತಿದಾಗ ಆಗುತ್ತಲ್ಲ, ಅದೂ ಅದೇ.

"ಸ್ವಲ್ಪ ದಿನ ರೆಸ್ಟ್ ತಗೋ, ತಾನಾಗೇ ಹೋಗುತ್ತೆ" ಅಂತ ಎಲ್ಲರೂ ಹೇಳಿದ್ದರು. ಇದಕ್ಕೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೂ ಅದರಲ್ಲಿದ್ದರು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇಟ್ಟರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಭಾಗದಲ್ಲಿ ನರಕೋಶದ ಕೊಂಬೆಗಳು ಕುಗ್ಗಿದವು. ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ಮಾತ್ರ ಕೊಂಬೆಗಳು ಬೆಳೆದು ಹರಡಿದವು. 2004ರ ಮುಂದಿನ ಅಧ್ಯಯನದಲ್ಲಿ ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟರು. ಹಿಪೊಕ್ಯಾಂಪಸ್ ಮೊದಲಿನಂತಾಯಿತು. ಅಮಿಗ್ಡಲಾದ ಕೊಂಬೆಗಳು ಹಾಗೇ ಉಳಿದವು, ಇಲಿಯ ಆತಂಕವೂ ಉಳಿಯಿತು.

ನನ್ನ ಎಂಟು ತಿಂಗಳ ರೆಸ್ಟ್ ಯಾಕೆ ಕೆಲಸ ಮಾಡಲಿಲ್ಲ ಅಂತ ಆಗ ಅರ್ಥ ಆಯಿತು. ಕಾಯುವುದು ಬೇರೆ, ಕಲಿಯುವುದು ಬೇರೆ.

ತಿರುವಿನಲ್ಲಿ ಹತ್ತು ನಿಮಿಷ

ಮೈಸೂರಿನಲ್ಲಿ ಒಬ್ಬ ಮನಃಶಾಸ್ತ್ರಜ್ಞೆಯ ಹತ್ತಿರ ಹೋದೆ. ಕದ್ದು ಮಾತ್ರೆ ತಗೊಂಡದ್ದನ್ನೂ ಹೇಳಿದೆ. ಬೈಯಲಿಲ್ಲ. ಒಂದು ಹಾಳೆಯಲ್ಲಿ ಏಣಿ ಬರೆಸಿದರು. ಕೆಳಗಿನ ಮೆಟ್ಟಿಲಿಗೆ ಕಡಿಮೆ ಭಯದ್ದು, ಮೇಲಕ್ಕೆ ಹೆಚ್ಚಿನದ್ದು.

ಮೊದಲ ಮೆಟ್ಟಿಲು, ಅಂಗಳದಲ್ಲಿ ನಿಂತ ಸ್ಕೂಟರ್ ಮೇಲೆ ಸುಮ್ಮನೆ ಕೂರೋದು. ನಗು ಬಂತು, ಆದರೆ ಮೊದಲ ದಿನ ಕೈ ನಡುಗಿತು. ಎರಡನೆಯದು, ಊರೊಳಗೆ ಗುಂಜಾ ನರಸಿಂಹಸ್ವಾಮಿ ಗುಡಿವರೆಗೆ ಓಡಿಸೋದು. ಮೂರನೆಯದು, ಹಗಲು ಹೊತ್ತು ತಮ್ಮನ ಹಿಂದೆ ಕೂತು ಆ ತಿರುವಿಗೆ ಹೋಗಿ, ಗಾಡಿ ನಿಲ್ಲಿಸಿ, ಅಲ್ಲೇ ಹತ್ತು ನಿಮಿಷ ಇರೋದು. ಮಾತ್ರೆ ಇಲ್ಲ, ಹಾಡು ಇಲ್ಲ, ಫೋನ್ ನೋಡುವ ಹಾಗಿಲ್ಲ.

ಆ ಹತ್ತು ನಿಮಿಷ ನನ್ನ ಜೀವನದ ಅತಿ ಉದ್ದದ ಹತ್ತು ನಿಮಿಷ. ಮೂರನೇ ನಿಮಿಷಕ್ಕೆ ಓಡಿಹೋಗಬೇಕು ಅನಿಸಿತು. ಏಳನೇ ನಿಮಿಷಕ್ಕೆ ಬದುವಿನ ಮೇಲೆ ಒಂದು ಬೆಳ್ಳಕ್ಕಿ ಕಂಡಿತು. ಅಲ್ಲಿವರೆಗೆ ಅದು ಅಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೆ. ಹತ್ತನೇ ನಿಮಿಷಕ್ಕೆ ತಮ್ಮ "ಸಾಕಾ ಅಕ್ಕಾ?" ಅಂದ. "ಇನ್ನೈದು ನಿಮಿಷ ಇರು" ಅಂದೆ.

ಆಮೇಲೆ ನಾನೇ ಓಡಿಸೋದು, ತಮ್ಮ ಹಿಂದೆ. ಆಮೇಲೆ ಒಬ್ಬಳೇ, ಬೆಳಿಗ್ಗೆ. ಕೊನೆಗೆ ಒಬ್ಬಳೇ, ಸಂಜೆ. ಮಧ್ಯೆ ಎರಡು ಸಲ ಅರ್ಧ ದಾರಿಯಿಂದ ವಾಪಸ್ ಬಂದೆ. ಹಾಗಾದಾಗ ಮರುದಿನವೇ ಒಂದು ಮೆಟ್ಟಿಲು ಕೆಳಗಿನಿಂದ ಶುರು ಮಾಡಬೇಕು, ವಾರ ಬಿಡಬಾರದು ಅಂತ ಅವರ ಸೂಚನೆ.

ಭಯ ಪೂರ್ತಿ ಹೋಗಿಲ್ಲ. ಕಬ್ಬಿನ ಟ್ರಾಕ್ಟರ್ ಕಂಡರೆ ಈಗಲೂ ವೇಗ ತಗ್ಗಿಸ್ತೀನಿ. ಅದು ರೋಗವಲ್ಲ, ಬುದ್ಧಿ. ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಇರುವವರೆಗೂ ಅಷ್ಟು ಭಯ ಬೇಕು. ಇಲಿಯೂ ಶಾಕ್ ಇರುವ ಕೋಣೆಗೆ ಹೋಗದಿರುವುದೇ ಸರಿ. ಶಾಕ್ ಇಲ್ಲದ ಕೋಣೆಗಳನ್ನೂ ಬಿಟ್ಟುಕೊಂಡು ಬಂದರೆ ಮಾತ್ರ ಬದುಕುವ ಜಾಗ ಕಿರಿದಾಗುತ್ತೆ.

ಮಾತ್ರೆ ತಗೊಳ್ಳುವವರಿಗೆ ನಾಲ್ಕು ಮಾತು

ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಬಹಳ ದಿನದಿಂದ ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ನಿದ್ದೆಗೇಡು, ಹೆಚ್ಚಿದ ಆತಂಕ, ಫಿಟ್ಸ್ ಕೂಡ ಬರಬಹುದು. ಬರೆದ ಡಾಕ್ಟರೇ ನಿಧಾನವಾಗಿ ಇಳಿಸಬೇಕು.

ಮಾತ್ರೆ ತಗೊಂಡು ಗಾಡಿ ಓಡಿಸಬೇಡಿ. ಮದ್ಯದ ಜೊತೆ ಬೇಡವೇ ಬೇಡ.

ಉಳಿದ ಮಾತ್ರೆಯನ್ನು ಅಕ್ಕನಿಗೆ, ರೂಮ್‌ಮೇಟ್‌ಗೆ ಕೊಡಬೇಡಿ. ಆಲ್‌ಪ್ರಜೊಲಾಮ್, ಡಯಾಜೆಪಾಮ್ ಥರದವು ಹೆಚ್1 ಪಟ್ಟಿಯ ಮದ್ದುಗಳು. ಔಷಧ ಅಂಗಡಿಯವರು ಚೀಟಿ ಕೇಳಿ, ಡಾಕ್ಟರ್ ಮತ್ತು ರೋಗಿಯ ಹೆಸರು ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಕೇಳಿದರೆ ಕಿರಿಕಿರಿ ಮಾಡಿಕೊಳ್ಳಬೇಡಿ.

ಭಯ ಬಿಡಿಸುವ ಚಿಕಿತ್ಸೆ ನಡೆಯುತ್ತಿದ್ದರೆ, "ಈ ಮಾತ್ರೆ ಯಾವಾಗ ತಗೋಬೇಕು, ಯಾವಾಗ ಬೇಡ" ಅಂತ ಡಾಕ್ಟರನ್ನೂ ಮನಃಶಾಸ್ತ್ರಜ್ಞರನ್ನೂ ಕೇಳಿ. ನಾನು ಕೇಳದೆ ಕಳೆದುಕೊಂಡದ್ದು ಅದನ್ನೇ. ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ಸಂಜೆ ನಂಜನಗೂಡಿನಿಂದ ಹೊರಟು ಸುತ್ತೂರಿನಲ್ಲಿ ಟೀ ಕುಡಿದು ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ಇದ್ದರು. ಗಡಿಯಾರ ನೋಡಿ, "ಇಷ್ಟು ಬೇಗನಾ? ಅಡ್ಗೆನೇ ಆಗಿಲ್ವಲ್ಲ" ಅಂದರು. ಡ್ರಾಫ್ಟ್‌ನಲ್ಲಿದ್ದ ಪತ್ರವನ್ನು ಆ ರಾತ್ರಿ ಡಿಲೀಟ್ ಮಾಡಿದೆ.

ನಿಮ್ಮ ಸುತ್ತು ದಾರಿ ಯಾವುದು? ಬರೆದು ಕಳಿಸಿ. ಹೆಸರು ಹಾಕೋದಿಲ್ಲ.